ಎದೆಯುರಿಗೆ ಬರೀ ನೀರು

ಮಿರ್ಚಿ ಕರಿದ ಎಣ್ಣೆಯ ಘಾಟು ಇನ್ನೂ ಪರದೆಗೆ ಅಂಟಿಕೊಂಡಿದೆ, ನನ್ನನ್ನು ನೋಡಲು ಮುಧೋಳದಿಂದ ಬಂದವರ ಕಾರು ಬನಹಟ್ಟಿ ದಾಟಿರಬೇಕು, ನಾನು ತೊಳೆದ ಕಪ್ಪನ್ನೇ ತೊಳೆಯುತ್ತ ನಿಂತಿದ್ದೇನೆ — ಹುಡುಗ ಕಲ್ಮೇಶ, ಅವನ ಮುಖವೇ ನೆನಪಾಗುತ್ತಿಲ್ಲ, ಅವನ ತಾಯಿ ಹಾಲವ್ವನವರದೇ ಕಣ್ಣ ಮುಂದೆ, ಎರಡನೇ ಮಿರ್ಚಿ ಅವ್ವನೇ ಒತ್ತಾಯ ಮಾಡಿ ಹಾಕಿದ್ದು, ತಿಂದರು, ಎದೆ ಒತ್ತಿಕೊಂಡರು, ಭಾಳ ಉರಿಯಾಕತ್ತೈತ್ರಿ, ಮನ್ಯಾಗ ಅಸಿಡಿಟಿ ಗುಳಗಿ ಏನರ ಅದಾವೇನ್ರಿ, ಅವ್ವ ನನ್ನ ಕಡೆ ನೋಡದೆಯೇ, ಇಲ್ರೀ, ನಮ್ಮ ಮನ್ಯಾಗ ಯಾರಿಗೂ ಅಂಥಾ ತ್ರಾಸ ಇಲ್ಲ, ನಮ್ಮ ವೈಶಾಲಿ ಕಲ್ಲು ತಿಂದ್ರೂ ಕರಗಸ್ತಾಳ — ಕಲ್ಲಂತೆ! ಹೊಟ್ಟೆಯ ವಿಷಯದಲ್ಲಿ ನಾನು ಅರ್ಧ ಡಾಕ್ಟರು, ಪ್ಯಾಂಟೊಪ್ರಜೋಲ್ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಆಗಲೇ ಎದ್ದ ಉರಿಗೆ ಅದು ಕೂಡಲೇ ಕೇಳುವುದಿಲ್ಲ, ಫ್ಯಾಮೊಟಿಡಿನ್ ತುಸು ಬೇಗ, ಆದರೂ ಕಾಯಬೇಕು, ಕೂತಲ್ಲೇ ತಂಪು ಮಾಡುವುದು ಬಾಟಲಿಯ ಬಿಳಿ ಔಷಧ, ಬಹಳ ಹೊತ್ತು ತಡೆಯದಿದ್ದರೂ ಮುಧೋಳ ಮುಟ್ಟಿಸುತ್ತದೆ — ನನ್ನದೇ ಬಾಟಲಿ ಇತ್ತು, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ, ಮುಂಜಾನೆಯೇ ಅವ್ವ ಬಚ್ಚಿಟ್ಟದ್ದು, ರೋಗದ ಹುಡುಗಿ ಅಂತಾರ, ಹಿಂದಿನ ಸಂಬಂಧ ಅದಕ್ಕ ತಪ್ಪಿದ್ದು ಎನ್ನುತ್ತ. ನೀರು ತರ್ತೇನ್ರಿ ಎಂದು ಒಳಗೆ ಬಂದೆ, ಕೊಡೋಣ ಎಂದೇ ಬಂದೆ, ಖರೆ, ಬಾಟಲಿ ಕೈಗೂ ಬಂತು, ಹಿಂದೆಯೇ ಅವ್ವ, ಇಡ ಅದನ್ನ, ಹುಚ್ಚಿ, ಇದನ್ನೂ ಕಳಕೊಳ್ತೀಯೇನ, ಹೆದರಿಕೆಗೋ ಏನೋ ನನ್ನ ಎದೆಯಲ್ಲೂ ಉರಿ ಎದ್ದಿತು, ಅವ್ವ ಆ ಕಡೆ ಹೋದದ್ದೇ ತಡ, ಬಾಟಲಿ ಎತ್ತಿ ನಾನೇ ಗುಟುಕರಿಸಿದೆ, ಮತ್ತೆ ಬಚ್ಚಿಟ್ಟೆ, ಅವರಿಗೆ ಬರೀ ನೀರು ಒಯ್ದೆ. ನನ್ನ ಎದೆ ತಂಪಾಗುತ್ತಿತ್ತು, ಅವರು ಬೆವರುತ್ತ ನೀರು ಕುಡಿಯುತ್ತಿದ್ದರು, ಥೂ, ಎಂಥವಳು ನಾನು, ಭೂಮಿ ಬಾಯಿ ಬಿಡಬಾರದೇ ಅನಿಸಿತು, ಆದರೂ ತಟ್ಟೆ ಹಿಡಿದು ನಗುತ್ತ ನಿಂತೆ — ಹೊರಡುವಾಗ ಕಾಲಿಗೆ ಬಿದ್ದು ಎದ್ದೆ, ಅವರು ನನ್ನ ಗದ್ದ ಹಿಡಿದರು, ಒಂದು ಗಳಿಗೆ ನೋಡಿದರು, ಇಳಕಲ್ ಸೀರೆಯ ಸೆರಗಿನಿಂದ ನನ್ನ ತುಟಿಯ ಅಂಚು ಒರೆಸಿದರು, ಬೇರೆ ಯಾರಿಗೂ ಕೇಳಿಸದಂತೆ, ನಿನಗರ ಉರಿ ಕಡಿಮಿ ಆತೇನವಾ, ಅಷ್ಟೇ, ಈಗ ಒಳಗೆ ಅವ್ವ ಅಪ್ಪನಿಗೆ ಖುಷಿಯಿಂದ ಹೇಳುತ್ತಿದ್ದಾಳೆ, ಹುಡುಗಿ ಮನಸಿಗೆ ಬಂದಾಳ್ರಿ, ಗದ್ದ ಹಿಡಿದು ಮಾತಾಡಿಸಿದ್ರು, ನಳ ಹರಿಯುತ್ತಿದೆ, ಚಹಾದ ಕಪ್ಪು ಕೈಯಲ್ಲೇ ಇದೆ, ಕೆಂಪು ಸೆರಗು, ಅದರ ಮೇಲೆ ಬಿಳಿ ಕಲೆ, ಯಾರಿಗೂ ಕಾಣಬಾರದೆಂದು ಮುಷ್ಟಿಯಲ್ಲಿ ಮುದುರಿಕೊಂಡೇ ಕಾರು ಹತ್ತಿದರು, ಕೆಂಪು ಸೆರಗಿನ ಮೇಲೆ ಆ ಬಿಳಿ ಕಲೆ, ಆ ಬಿಳಿ ಕಲೆ —