ನೊರೆ ಮಷೀನು

ದೇವು ಚಪ್ಪಲಿ ಬಿಡದೆಯೇ ಒಳಗೆ ನುಗ್ಗಿ ಅಡಿಗೆಮನೆಯ ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದುಬಿಟ್ಟ.

"ನೊರೆನೀರು ಬಿದ್ದು ನೆಲ ಪೂರಾ ಚಂಡಿ ಆಗ್ಯದೆ. ಇದ್ದವರಾದ್ರೂ ಉಳೀಲಿ," ಎಂದ.

ನಾಲ್ಕು ವರ್ಷದಿಂದ ಹಗಲಿರುಳು ಗುಂಯ್ ಎನ್ನುತ್ತಿದ್ದ ಮಷೀನಿನ ಸದ್ದು ನಿಂತಿತು. ಚಾವಡಿಯಲ್ಲಿ ಅಳುತ್ತಿದ್ದ ಹೆಂಗಸರು ಕೂಡ ಒಂದು ಗಳಿಗೆ ಅಳು ಮರೆತು ತಲೆಯೆತ್ತಿದರು. ಚಾಪೆಯ ಮೇಲೆ ಮಲಗಿಸಿದ್ದ ಜಟ್ಟನ ಹೆಣದ ಹಿಂದೆ, ಗೋಡೆಯ ಉದ್ದಕ್ಕೂ ನಿಂತಿದ್ದ ಗಾಜಿನ ಟ್ಯಾಂಕಿನಲ್ಲಿ ನೀರು ಅಲುಗುವುದನ್ನು ಬಿಟ್ಟು ಸುಮ್ಮನಾಯಿತು.

ಗಂಡನ ಕಾಲ ಬಳಿ ಕೂತಿದ್ದ ಹೊನ್ನಮ್ಮ ಆ ನಿಶ್ಶಬ್ದಕ್ಕೆ ಬೆಚ್ಚಿದಳು. ಬೆಳಗಿನಿಂದ ಆ ಸದ್ದು ಇದ್ದಷ್ಟು ಹೊತ್ತೂ ತನ್ನ ಎದೆ ಹೊಡೆದುಕೊಳ್ಳುವುದು ಬೇರೆಯವರಿಗೆ ಕೇಳುವುದಿಲ್ಲ ಎಂಬ ಧೈರ್ಯವಿತ್ತು. ಈಗ ಎಲ್ಲರಿಗೂ ಕೇಳುತ್ತಿರಬಹುದು ಅನ್ನಿಸಿ ಸೆರಗನ್ನು ಎದೆಗೆ ಒತ್ತಿ ಹಿಡಿದಳು.

ದೇವು ಜಟ್ಟನ ಅಣ್ಣ. ಹಳದೀಪುರದಿಂದ ಸುದ್ದಿ ಕೇಳಿದವನೇ ಓಡಿ ಬಂದಿದ್ದ. ಅವನು ಅಂಗಳಕ್ಕೆ ಇಳಿದು, ನಿಂತಿದ್ದ ಗಂಡಸರಿಗೆ ದನಿ ತಗ್ಗಿಸಿ ಹೇಳಿದ್ದು ಒಳಗೂ ಕೇಳಿತು.

"ಡಾಕ್ಟ್ರು ಹಾರ್ಟು ಅಂತ ಬರ್ದು ಕೊಟ್ಟಾರೆ. ಅಷ್ಟೇ. ಕರೆಂಟಿನ ಮಾತು ಯಾರೂ ಎತ್ಬೇಡಿ. ಎತ್ತಿದ್ರೆ ಪೊಲೀಸ್ರು ಬತ್ರು, ಕುಮಟೆಗೆ ಒಯ್ದು ಕೊಯ್ಸ್ತ್ರು. ನನ್ ತಮ್ಮನ್ನ ಕೊಯ್ಸೂಕೆ ನಾ ಬಿಡೂದಿಲ್ಲ. ಹನ್ನೊಂದರ ಒಳಗೆ ಎತ್ತಿಬಿಡ್ವ."

"ಹೌದು, ಬೇಗ ಆಗ್ಲಿ," ಎಂದರು ಯಾರೋ.

ಬೇಗ ಆಗಲಿ ಎಂದು ಹೊನ್ನಮ್ಮನ ಮನಸ್ಸೂ ಅಂದಿತು. ಸುಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗೆ ಅಂದುಕೊಂಡದ್ದಕ್ಕೆ ಮರುಗಳಿಗೆಯೇ ಅವಳ ಮೈಯೆಲ್ಲ ತಣ್ಣಗಾಯಿತು.

*

ಜಟ್ಟ ಮಸ್ಕತ್ತಿನ ಹೋಟೆಲೊಂದರಲ್ಲಿ ಏಳು ವರ್ಷ ದುಡಿದವನು. ಆ ಹೋಟೆಲಿನ ನಡುಮನೆಯಲ್ಲಿ ಒಂದು ಗಾಜಿನ ಸಮುದ್ರವಿತ್ತಂತೆ. ಅದರೊಳಗೆ ಹವಳ, ಬಣ್ಣದ ಮೀನು, ಹೂವಿನಂತೆ ಅರಳಿ ಮುಚ್ಚುವ ಜೀವಗಳು. ಆದರೆ ಜಟ್ಟನ ಕೆಲಸ ಅದರ ಹಿಂದಿನ ಪಂಪಿನ ಕೋಣೆಯಲ್ಲಿ. ದಿನವೂ ಅಲ್ಲಿ, ನೀರಿನ ಕೊಳೆಯನ್ನು ನೊರೆಯಾಗಿ ಹೊರಹಾಕುವ ಸ್ಕಿಮ್ಮರಿನ ಮೇಲಿನ ಬಟ್ಟಲಿನಲ್ಲಿ ತುಂಬಿದ ಕಂದು ನೊರೆಯನ್ನು ಚೆಲ್ಲಿ, ತಿಕ್ಕಿ ತೊಳೆದಿಡುವುದು. ಗಾಜಿನ ಮುಂದೆ ಸೋಫಾಗಳಿದ್ದವು, ಅಲ್ಲಿ ಕೂರುವುದು ಗಿರಾಕಿಗಳಿಗೆ ಮಾತ್ರ.

"ಏಳು ವರ್ಷ ಆ ಮೀನುಗಳ ಕೊಳೆ ತೊಳ್ದೆ ಹೊನ್ನಿ, ಒಂದಿನಾನೂ ಎದುರಿಗೆ ಕೂತು ನೋಡ್ಲಿಲ್ಲ," ಎಂದಿದ್ದ ಊರಿಗೆ ಬಂದ ಮೇಲೆ.

ತನ್ನೂರು ಬಾಡದಲ್ಲಿ ಬೋರ್‌ವೆಲ್ ಪಂಪು, ಬೋಟಿನ ಎಂಜಿನ್ನು ರಿಪೇರಿ ಮಾಡಿಕೊಂಡಿದ್ದವನು ಒಂದು ದಿನ ಚಾವಡಿಯನ್ನು ಅಳೆಯತೊಡಗಿದ. ಎಂಟಡಿ ಉದ್ದದ ಟ್ಯಾಂಕು ಬಂತು. ತದಡಿಯ ಬೋಟಿನವರು ಆಳಸಮುದ್ರದ ನೀರನ್ನು ಕ್ಯಾನುಗಳಲ್ಲಿ ತುಂಬಿ ತಂದುಕೊಟ್ಟರು. ಮುಂಬೈಯಲ್ಲಿ ಯಾರೋ ಗಾಜಿನ ತೊಟ್ಟಿಯಲ್ಲೇ ಬೆಳೆಸಿದ್ದ ಹವಳದ ಚೂರುಗಳು ಪೊಟ್ಟಣದಲ್ಲಿ ರೈಲು ಹತ್ತಿ ಬಂದವು. ಸ್ಕಿಮ್ಮರನ್ನು ಮಾತ್ರ ಅವನೇ ಮಾಡಬೇಕಾಯಿತು. ಆರಿಂಚಿನ ಪ್ಲಾಸ್ಟಿಕ್ ಪೈಪು ಕೊಯ್ದ. ನೀರಿಗೆ ಗಾಳಿ ಬೆರೆಸಿ ಹಾಲಿನಂತೆ ಬೆಳ್ಳಗೆ ಮಾಡಲು ಹಳೆಯ ಮೋಟರಿನ ಚಕ್ರಕ್ಕೆ ನೈಲಾನ್ ಜಾಳಿಗೆ ಸುತ್ತಿದ. ಮೇಲಕ್ಕೆ ಬಂದ ನೊರೆ ಬೀಳಲು ಗೂಡಂಗಡಿಯ ಪೆಪ್ಪರ್‌ಮಿಂಟಿನ ಬರಣಿಯೊಂದನ್ನು ಬುಡ ಕೊರೆದು ಪೈಪಿನ ಬಾಯಿಗೆ ಕೂರಿಸಿದ. ಮೊದಲ ಸಲ ಚಾವಡಿ ತುಂಬ ನೊರೆ. ಎರಡನೇ ಸಲ ಹನಿ ನೊರೆಯಿಲ್ಲ. ಮೂರನೆಯ ಸಲ ಪೈಪಿನ ಕುತ್ತಿಗೆಯನ್ನು ಸಣ್ಣದು ಮಾಡಿದ. ಮಾರನೆಯ ದಿನ ಬರಣಿಯ ತಳದಲ್ಲಿ ಕಷಾಯದಂಥ ನೀರು ನಿಂತಿತ್ತು. ಹೊನ್ನಮ್ಮ ಮೂಗು ಮುಚ್ಚಿಕೊಂಡಳು. ಜಟ್ಟ ಅದನ್ನು ಓಣಿಯವರಿಗೆಲ್ಲ ತೋರಿಸಿಕೊಂಡು ಬಂದ.

"ಮಳೆಗಾಲದಾಗೆ ಕಡಲು ನೊರೆ ಉಗುಳ್ತದಲ್ಲ, ದಡದ ತುಂಬ? ಅದು ಕಡಲು ತನ್ನ ಕೊಳೆ ಹೊರಗೆ ಹಾಕೂದು. ನನ್ ಮಷೀನೂ ಅದೇ ಕೆಲ್ಸ ಮಾಡೂದು," ಎಂದು ವಿವರಿಸುತ್ತಿದ್ದ. ಅಂದಿನಿಂದ ಓಣಿಯಲ್ಲಿ ಅದರ ಹೆಸರು ನೊರೆ ಮಷೀನು.

ಹೊನ್ನಮ್ಮ ಅದರ ಹತ್ತಿರ ಸುಳಿದವಳಲ್ಲ. ಅವಳ ತಮ್ಮ ಈರ ಗದ್ದೆಯ ಪಂಪಿನ ಗುಂಡಿಗೆ ಇಳಿದಿದ್ದಾಗ, ಅವನು ಇಳಿದದ್ದು ತಿಳಿಯದೆ ಯಾರೋ ಶೆಡ್ಡಿನಲ್ಲಿ ಸ್ವಿಚ್ಚು ಹಾಕಿದ್ದರು. ಎಳೆಯಲು ಹೋದ ಅಪ್ಪನನ್ನೂ ಕರೆಂಟು ಹಿಡಿದಿತ್ತು. ಅಪ್ಪ ಬದುಕಿದ, ಈರ ಬದುಕಲಿಲ್ಲ. ಅಂದಿನಿಂದ ನೀರು ಮತ್ತು ಕರೆಂಟು ಒಂದೇ ಕಡೆ ಕಂಡರೆ ಅವಳ ಕೈಕಾಲು ಕಟ್ಟಿಹೋಗುತ್ತಿದ್ದವು. ಜಟ್ಟನಿಗೆ ಅದು ಗೊತ್ತು. ಅದಕ್ಕೇ ಮೋಟರನ್ನು ನೀರಿನ ಹೊರಗಿಟ್ಟ. ಸ್ವಿಚ್ಚನ್ನು ಟ್ಯಾಂಕಿನಿಂದ ದೂರ, ಅಡಿಗೆಮನೆಯ ಗೋಡೆಗೆ ಹಾಕಿಸಿದ. ವಯರಿಂಗ್ ಮಾಡಿದವನು ಅವನ ಜೀವದ ಗೆಳೆಯ ನಾಗು.

"ಬರಣಿ ತೊಳೂಕೆ ನಾ ಆಫ್ ಮಾಡ್ತೆ. ತೊಳ್ದು ಕೂರ್ಸಿ ಹೂಂ ಅಂತ ಕೂಗ್ತೆ. ಆವಾಗ ನೀ ಆನ್ ಮಾಡು. ಅಷ್ಟೇ ನಿನ್ ಕೆಲ್ಸ," ಎಂದಿದ್ದ ಜಟ್ಟ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಹಾಗೆಯೇ ನಡೆದಿತ್ತು.

*

ಹೆಣ ಎತ್ತಿದರು. ಜಟ್ಟನಿಗೆ ಮಕ್ಕಳಿರಲಿಲ್ಲ. ದೇವುವಿನ ಮಗ ಪ್ರವೀಣ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ದೇವು ಹೊರಡುವ ಮುಂಚೆ ಬಾಗಿಲಿಗೆ ಬಂದು ಟ್ಯಾಂಕಿನ ಕಡೆ ನೋಡಿದ.

"ಹೊನ್ನಮ್ಮ, ಬಂದ ಮೇಲೆ ಅದ್ನ ಒಡ್ದು ಹಾಕ್ತೆ. ಅಲ್ಲೀವರಿಗೆ ಯಾರೂ ಮುಟ್ಬೇಡಿ."

ಗಂಡಸರು ಹೋದ ಮೇಲೆ ಮನೆಯಲ್ಲಿ ಏಳೆಂಟು ಹೆಂಗಸರು ಉಳಿದರು. ಪಕ್ಕದ ಮನೆಯ ದುರ್ಗಮ್ಮ ನೆಲ ಒರೆಸಿ, ಜಟ್ಟ ಮಲಗಿದ್ದಲ್ಲಿ ದೀಪ ಹಚ್ಚಿಟ್ಟಳು. ಹೊನ್ನಮ್ಮ ಆ ದೀಪವನ್ನು ನೋಡಬೇಕೆಂದೇ ಕೂತಳು. ಕಣ್ಣು ಮಾತ್ರ ಗಾಜಿನ ಕಡೆಗೇ ಹೋಗುತ್ತಿತ್ತು. ಮೀನುಗಳು ಒಂದೊಂದೇ ಮೇಲಕ್ಕೆ ಬಂದು, ನೀರಿನ ಅಂಚಿಗೆ ಬಾಯಿ ಹಚ್ಚಿ ತೆರೆದು ಮುಚ್ಚುತ್ತಿದ್ದವು. ಹವಳದ ಹೂವುಗಳು ಒಳಕ್ಕೆ ಎಳೆದುಕೊಂಡಿದ್ದವು.

"ಎಂತ ಹಂಗೆ ಬಾಯಿ ಬಿಡ್ತವೆ ಅವು?" ಎಂದು ಒಬ್ಬಳು ಕೇಳಿದಳು.

"ಉಸ್ರು ಕಟ್ತದೆ," ಎಂದಳು ಹೊನ್ನಮ್ಮ. ಜಟ್ಟ ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು.

*

ಅಂದು ಬೆಳಿಗ್ಗೆ ಆರೂವರೆಯ ಹೊತ್ತಿಗೆ ಅವಳು ಒಲೆಯ ಮುಂದಿದ್ದಳು. ಚಾವಡಿಯಿಂದ ಬರಣಿಯನ್ನು ತಿಕ್ಕುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಆಮೇಲೆ "ಹೂಂ" ಎಂದದ್ದು ಕೇಳಿತು. ಹಿಂದಿನ ದಿನದ ಹಾಗೆ ಇರಲಿಲ್ಲ, ಸ್ವಲ್ಪ ಎಳೆದ ಹಾಗಿತ್ತು. ನಿದ್ದೆ ಸಾಲದೆ ಹಾಗಂದಿರಬೇಕು ಎಂದುಕೊಂಡು ಅವಳು ಸ್ವಿಚ್ಚು ಹಾಕಿದಳು. ಹಾಕಿದ ಕೂಡಲೇ ದೊಪ್ಪೆಂದು ಸದ್ದಾಯಿತು.

ಓಡಿ ಬಂದು ನೋಡಿದರೆ ಜಟ್ಟ ಮಷೀನಿನ ಬುಡದಲ್ಲಿ ಬಿದ್ದಿದ್ದ. ಬರಣಿ ಓರೆಯಾಗಿತ್ತು. ಅದರ ಸಂದಿಯಿಂದ ನೊರೆ ಇಳಿದು ಅವನ ಮೊಣಕೈ ಮೇಲೆ ಬೀಳುತ್ತಿತ್ತು. ಕಣ್ಣು ತೆರೆದೇ ಇದ್ದವು. ತುಟಿ ಅಲುಗಿತೋ ಇಲ್ಲವೋ ಅವಳಿಗೆ ಈಗಲೂ ಹೇಳಲಾಗದು.

ಅವಳು ಅವನನ್ನು ಮುಟ್ಟಲಿಲ್ಲ.

ಬಾಗಿಲ ದಾರಂದ ಹಿಡಿದು ನಿಂತು "ದುರ್ಗಕ್ಕಾ, ದುರ್ಗಕ್ಕಾ" ಎಂದು ಕೂಗಿದಳು. ಹಿಂದಕ್ಕೆ ಹೋಗಿ ಸ್ವಿಚ್ಚು ಆರಿಸಬೇಕೆಂದೂ ಹೊಳೆಯಲಿಲ್ಲ. ಗುಂಡಿಯಲ್ಲಿ ತಲೆ ಕೆಳಗಾಗಿದ್ದ ಈರ ಅವಳ ಕಣ್ಣ ಮುಂದಿದ್ದ. ದುರ್ಗಮ್ಮ ಬೇಲಿ ದಾಟಿ ಬಂದು ಜಟ್ಟನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಾಗಲೂ ಹೊನ್ನಮ್ಮ ಬಾಗಿಲಲ್ಲೇ ಇದ್ದಳು.

*

ಮಧ್ಯಾಹ್ನ ಒಂದರ ಸುಮಾರಿಗೆ ಅಂಗಳದಲ್ಲಿ ಬೈಕು ನಿಂತಿತು. ಭಟ್ಕಳದಲ್ಲಿ ಕೆಲಸಕ್ಕೆ ಹೋಗಿದ್ದ ನಾಗುವಿಗೆ ಸುದ್ದಿ ಮುಟ್ಟಿದ್ದೇ ತಡವಾಗಿತ್ತು. ಚಾವಡಿಯಲ್ಲಿ ಉರಿಯುವ ದೀಪ ಕಂಡು ಅವನು ಮೆಟ್ಟಿಲ ಮೇಲೆ ಕುಸಿದ.

"ಒಯ್ದ್ರಾ? ಮಖನಾದ್ರೂ ನೋಡ್ಬಹುದಿತ್ತು, ಅತ್ಗೆ," ಎಂದು ಮುಂಗೈಯಿಂದ ಕಣ್ಣೊರೆಸಿಕೊಂಡ. ಆಮೇಲೆ ಟ್ಯಾಂಕಿನ ಕಡೆ ತಿರುಗಿದವನು ಎದ್ದು ನಿಂತ. "ಮಷೀನು ಯಾರು ಬಂದ್ ಮಾಡಿದ್ದು? ಇವೆಲ್ಲ ಸಾಯ್ತವೆ, ಇನ್ನೊಂದ್ ತಾಸು ಹೋದ್ರೆ."

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿ ಪೈಪಿನೊಳಗೆ ಕೈ ಇಳಿಸಲು ಹೋದ.

"ಮುಟ್ಬೇಡ!"

ಹೊನ್ನಮ್ಮ ಕಿರುಚಿದ್ದಕ್ಕೆ ಹೆಂಗಸರೆಲ್ಲ ತಿರುಗಿದರು. ನಾಗುವಿನ ಕೈ ಗಾಳಿಯಲ್ಲೇ ನಿಂತಿತು.

"ಮುಟ್ಬೇಡ ನಾಗು. ಅವ್ರು ಹಾರ್ಟಿನಿಂದ ಹೋದದ್ದಲ್ಲ. ನಾ ಸ್ವಿಚ್ ಹಾಕ್ದೆ. ಹೂಂ ಅಂದ್ರು ಅಂತ ಹಾಕ್ದೆ. ಹಾಕಿದ್ ಕೂಡ್ಲೇ ಬಿದ್ರು. ನಾನೇ ಕೊಂದೆ."

ಆ ವಯರು ಎಳೆದ ಕೈ ನಾಗುವಿನದು. ಅವನು ತನ್ನ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಬಿದ್ದಾಗ ಟ್ರಿಪ್ ಬಿದ್ದಿತ್ತಾ, ಅತ್ಗೆ? ಮೇನಿನ ಪಕ್ಕ ಸಣ್ಣ ಪೆಟ್ಟಿಗೆ ಅದೆಯಲ್ಲ, ಕರೆಂಟು ಸೋರಿದ್ರೆ ಬೀಳೂದು, ಅದು?"

"ಇಲ್ಲ. ದೇವು ಭಾವ ಬಂದು ಮೇನ್ ಎಳೂವರಿಗೂ ಮಷೀನು ನಡೀತಿತ್ತು."

ನಾಗು ಒಳಗೆ ಹೋದ. ಹೊನ್ನಮ್ಮ ಅವನ ಹಿಂದೆ ನಡೆದಳು. ಅವನು ಮೊದಲು ಮಷೀನಿನ ಸ್ವಿಚ್ಚು ಆರಿಸಿದ. ಆಮೇಲೆ ಮೇನ್ ಮೇಲಕ್ಕೆತ್ತಿದ. ಪಕ್ಕದ ಪೆಟ್ಟಿಗೆಯ ಸಣ್ಣ ಟೆಸ್ಟ್ ಬಟನ್ನಿನ ಮೇಲೆ ಬೆರಳಿಟ್ಟು ತಡೆದ. ಒತ್ತಲು ಅವನಿಗೂ ಹೆದರಿಕೆ. ಒತ್ತಿದಾಗ ಬೀಳದಿದ್ದರೆ, ಪೆಟ್ಟಿಗೆ ಕೆಟ್ಟಿದೆ ಎಂದೇ ಅರ್ಥ. ಆಗ ತಪ್ಪು ಯಾರದೆಂದು ಕೇಳುವುದೇ ಬೇಡ.

ಒತ್ತಿದ. ಟಪ್ ಎಂದು ಬಿತ್ತು.

ಅವನು ಮೂರು ಸಲ ಎತ್ತಿ ಮೂರು ಸಲ ಬೀಳಿಸಿ, ಮತ್ತೆ ಎತ್ತಿಟ್ಟ. ಚಾವಡಿಗೆ ಬಂದು ಮೋಟರಿಗೆ, ಪೈಪಿಗೆ, ನೀರಿಗೆ ಕರೆಂಟು ನೋಡುವ ಮೀಟರಿನ ಕಡ್ಡಿ ಹಚ್ಚಿ ನೋಡಿದ. ಕೊನೆಗೆ ನೆಲದ ಮೇಲೆ ಕೂತುಬಿಟ್ಟ.

"ದುರ್ಗಕ್ಕ, ನೀವು ಅವ್ನ ಮುಟ್ಟಿದ್ರಿ ಅಲ್ದಾ? ಆವಾಗ ಮಷೀನು ನಡೀತಿತ್ತು. ನಿಮ್ಗೆ ಎಂತಾದ್ರೂ ಜುಂ ಅಂತಾ?"

"ಇಲ್ಲಪ್ಪ. ಅವ್ನ ಕೈ ಪೂರಾ ಚಂಡಿ ಇತ್ತು, ನಾ ಆ ಕೈಯನ್ನೇ ಹಿಡ್ದೆ. ಎಂತದೂ ಆಗ್ಲಿಲ್ಲ."

"ಅತ್ಗೆ, ಕೇಳಿ. ಒಂದು ಚೂರು ಕರೆಂಟು ಅವ್ನ ಮೈಗೆ ಹರ್ದಿದ್ರೂ ಈ ಪೆಟ್ಟಿಗೆ ತನ್ನಿಂತಾನೆ ಬೀಳ್ತಿತ್ತು. ನೀವು ಹೆದ್ರುತ್ರಿ ಅಂತಲೇ ಜಟ್ಟಣ್ಣ ಇದ್ನ ಹಾಕ್ಸಿದ್ದು. 'ಅವ್ಳಿಗೆ ಹೇಳ್ಬೇಡ, ಇದ್ರದ್ದೂ ಹೆದ್ರಿಕೆ ಹಚ್ಕಂತಾಳೆ' ಅಂದಿದ್ದ. ಕರೆಂಟಿನಿಂದ ಹೋದದ್ದಲ್ಲ ಅವ್ನು. ನೀವು ಕೊಂದದ್ದಲ್ಲ."

ಹೆಂಗಸರು ಉಸಿರು ಬಿಟ್ಟರು. ಒಬ್ಬಳು "ದೇವ್ರು ದೊಡ್ಡವ" ಎಂದು ಕೈ ಮುಗಿದಳು. ಹೊನ್ನಮ್ಮ ಮಾತ್ರ ನಾಗುವಿನ ಮುಖವನ್ನೇ ನೋಡುತ್ತಿದ್ದಳು.

"ಹಂಗಾರೆ ಆ ಹೂಂ?" ಎಂದಳು.

ನಾಗುವಿಗೆ ಅರ್ಥವಾಗಲಿಲ್ಲ.

"ಸ್ವಿಚ್ ಹಾಕು ಅಂತ ಅಲ್ದೇ ಇದ್ರೆ, ಅದು ಎಂತ? ನೋವಿಗೆ ನರಳಿದ್ದಾ? ನನ್ನ ಕರ್ದದ್ದಾ?"

ದುರ್ಗಮ್ಮ ಬಂದು ಅವಳ ಭುಜ ಹಿಡಿದಳು. "ಡಾಕ್ಟ್ರು ಹೇಳ್ಲಿಲ್ವಾ ಹೊನ್ನಿ, ಒಂದೇ ಪೆಟ್ಟಿಗೆ ಹೋದದ್ದು ಅಂತ. ನೀ ಮುಟ್ಟಿದ್ರೂ ಅಷ್ಟೇ."

ನೀರಿನ ಮೇಲೆ ಹಳದಿ ಮೀನೊಂದು ಪಕ್ಕಕ್ಕೆ ವಾಲಿ, ಮತ್ತೆ ನೆಟ್ಟಗಾಗಲು ಒದ್ದಾಡುತ್ತಿತ್ತು. ಹೊನ್ನಮ್ಮ ಅದನ್ನು ನೋಡಿದಳು.

"ನಡೆಸೂಕೆ ಆಗ್ತದಾ?" ಎಂದು ಕೇಳಿದಳು.

"ಆಗ್ತದೆ. ಬರಣಿ ಕೂರಿಸ್ತೆ. ನೀವು ಒಳಗೆ ಹೋಗಿ ಸ್ವಿಚ್ ಹಾಕಿ."

ಅವನು ಬರಣಿಯನ್ನು ಪೈಪಿನ ಬಾಯಿಗೆ ತಿರುಗಿಸಿ ಬಿಗಿಮಾಡಿದ. "ಹಾಕಿ, ಅತ್ಗೆ," ಎಂದು ಕೂಗಿದ.

ಸದ್ದಾಗಲಿಲ್ಲ. ಹೊನ್ನಮ್ಮ ಅಡಿಗೆಮನೆಯಿಂದ ಹೊರಗೆ ಬಂದು ಅವನ ಎರಡು ಕೈ ನೋಡಿದಳು, ಮುಖ ನೋಡಿದಳು, ಒಳಗೆ ಹೋದಳು.

"ಹಾಕಿ."

ಮತ್ತೆ ಬಂದಳು. "ನಾಗು, ನೀ ಹೊರಗೆ ಹೋಗು," ಎಂದಳು. "ಎಲ್ಲರೂ ಹೋಗಿ. ಅಂಗಳಕ್ಕೆ ಹೋಗಿ. ಯಾರೂ ಒಳಗೆ ಇರೂದ್ ಬೇಡ."

ನಾಗು ಮೆಟ್ಟಿಲು ಇಳಿದ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಇಳಿದರು. ಅಷ್ಟರಲ್ಲಿ ಗಂಡಸರು ಸುಡುಗಾಡಿನಿಂದ ಮರಳಿ, ಬಾವಿಕಟ್ಟೆಯಲ್ಲಿ ಮಿಂದು, ನೀರು ತೊಟ್ಟಿಕ್ಕುತ್ತ ಅಂಗಳಕ್ಕೆ ಬಂದಿದ್ದರು. ದೇವುವಿನ ಕೈಯಲ್ಲಿ ಹಾರೆಯಿತ್ತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

ಹೊನ್ನಮ್ಮ ಬಾಗಿಲಿಗೆ ಬಂದು ನಿಂತಳು. ಮೂವತ್ತು ವರ್ಷದಲ್ಲಿ ಭಾವನ ಎದುರು ದನಿ ಎತ್ತಿದವಳಲ್ಲ.

"ಕಾಲು ತೆಗೀರಿ, ಭಾವ. ಕೆಳಗೆ ನಿಲ್ಲಿ."

ದೇವು ಅವಳ ಮುಖ ನೋಡಿ ಕಾಲು ಹಿಂದಕ್ಕೆ ತೆಗೆದ. ಒದ್ದೆ ಬಟ್ಟೆಯ ಗಂಡಸರು, ಸೆರಗು ಬಾಯಿಗೆ ಹಿಡಿದ ಹೆಂಗಸರು, ಎಲ್ಲರೂ ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಮುಖ ಮಾಡಿ ನಿಂತರು. ಹೊನ್ನಮ್ಮ ಬೆರಳು ಚಾಚಿ ಒಂದೊಂದು ತಲೆಯನ್ನೂ ಎಣಿಸಿದಳು. ಎಣಿಕೆ ತಪ್ಪಿತೆಂದು ಮೊದಲಿನಿಂದ ಮತ್ತೆ ಎಣಿಸಿದಳು. ಆಮೇಲೆ ಸ್ವಿಚ್ಚು ಹಾಕಲು ಒಬ್ಬಳೇ ಒಳಗೆ ಹೋದಳು.