ಗಾಳಿಯಲ್ಲಿ ಬಿಗಿದ ಬೋಲ್ಟು

ನನ್ನ ಸೋದರಮಾವ ದೊರೆಸ್ವಾಮಿ ತಾವು ಮಾಡಿದ ಅಡುಗೆಯನ್ನು ಬಡಿಸುವ ಮುಂಚೆ ಒಂದು ದಿನವೂ ನಾಲಿಗೆಗೆ ತಾಕಿಸಿದವರಲ್ಲ. ಶ್ರೀರಂಗಪಟ್ಟಣದಲ್ಲಿ ಮೂವತ್ತು ವರ್ಷ ದೇವರ ನೈವೇದ್ಯಕ್ಕೆ ಅಡುಗೆ ಮಾಡಿದವರು ಅವರು. ದೇವರಿಗಿಂತ ಮೊದಲು ರುಚಿ ನೋಡಿದರೆ ಅದು ಎಂಜಲು. ದೇವಸ್ಥಾನದ ಕೆಲಸ ಬಿಟ್ಟು ಮದುವೆ ಮುಂಜಿಗಳ ಅಡುಗೆ ಹಿಡಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಉಪ್ಪಿಗೆ ಕೈಯಳತೆ, ಹುಳಿಗೆ ಕಣ್ಣಳತೆ, ಉಳಿದದ್ದೆಲ್ಲ ಮೂಗು. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು "ಕೊತ್ತಂಬರಿ ಬೀಜ ಒಂದು ಹಿಡಿ ಕಮ್ಮಿ" ಅನ್ನುತ್ತಾರೆ. ನೋಡಿದರೆ ಕಮ್ಮಿಯೇ ಇರುತ್ತದೆ. ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ಬಾಳುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ.

ನಾನು ನಾಗೇಂದ್ರ. ಮೂವತ್ತನಾಲ್ಕು ವರ್ಷ, ಮದುವೆ ಆಗಿಲ್ಲ, ಮಾವನ ಪಿಕಪ್ ಓಡಿಸುತ್ತೇನೆ. ಗಾಡಿಗೆ ಹದಿನೆಂಟು ವರ್ಷ. ಮಿಕ್ಕ ಅಡುಗೆಯೆಲ್ಲ ಛತ್ರದಲ್ಲೇ ಆದರೂ ಸಾರು ಮಾತ್ರ ನಮ್ಮ ಹಿತ್ತಲ ಸೌದೆ ಒಲೆಯ ಮೇಲೆ, ನಮ್ಮ ಬಾವಿಯ ನೀರಿನಲ್ಲೇ ಕುದಿಯಬೇಕೆಂಬುದು ಮಾವನ ಹಟ. ಹಾಗಾಗಿ ಮೂರು ಕೊಳಗ ಸಾರು ಹೊತ್ತುಕೊಂಡು ಕೆ.ಆರ್. ಪೇಟೆ, ನಾಗಮಂಗಲ ಎಂದು ಅಲೆಯುವುದು ನನ್ನ ಪಾಲಿಗೆ ಬಂದಿದೆ. ಆ ಕೆಲಸ ನನಗೆ ಇಷ್ಟ. ಮನೆಯವರು ಯಾರೂ ನನಗೆ ಬುದ್ಧಿ ಹೇಳದೆ ಇರುವ ಜಾಗವೆಂದರೆ ಆ ಡ್ರೈವರ್ ಸೀಟು ಒಂದೇ.

ಎರಡು ತಿಂಗಳ ಹಿಂದೆ ಗಾಡಿ ಮುಂದುಗಡೆ ಲಟಲಟ ಅನ್ನತೊಡಗಿತು. ಬುಷ್ ಹೋಗಿತ್ತು. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ ರಬ್ಬರಿನ ಒಂದು ಬಳೆ ಇರುತ್ತದೆ, ಅದೇ ಬುಷ್. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ, ಪ್ರತಿ ಗುಂಡಿಯೂ ನೇರವಾಗಿ ಸಾರಿನ ಕೊಳಗಕ್ಕೇ ತಾಕುತ್ತದೆ. ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಹನ್ನೊಂದು ನಿಮಿಷದ ವಿಡಿಯೋ. ಆರು ನಿಮಿಷ ನೋಡುವಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿಬಿಟ್ಟಿತು. ಮಾವ, ಅವರ ಹೆಂಡತಿ ಸರೋಜತ್ತೆ ಮೇಲುಕೋಟೆಗೆ ಹೋಗಿದ್ದ ದಿನ ಹಿತ್ತಲಲ್ಲಿ ಗಾಡಿಯನ್ನು ಜಾಕಿ ಮೇಲೆ ಎತ್ತಿ, ಹಳೇ ಬುಷ್ ಬಡಿದು ತೆಗೆದು, ಹೊಸದನ್ನು ಹಾಕಿ, ಬೋಲ್ಟುಗಳನ್ನು ಜೀವ ಹೋಗುವ ಹಾಗೆ ಬಿಗಿದು, ಆಮೇಲೆ ಗಾಡಿ ಇಳಿಸಿದೆ. ಬಡಿಯುವುದಕ್ಕೆ ತಕ್ಕ ಸಾಧನ ಸಿಗದೆ ಅಡುಗೆಮನೆಯ ಕಬ್ಬಿಣದ ಕುಟ್ಟಾಣಿಯನ್ನು ಬಳಸಿದ್ದೂ ನಿಜ. ಮೆಣಸು ಜೀರಿಗೆ ಕುಟ್ಟುವ ಕುಟ್ಟಾಣಿ ಅದು. ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದು ಸ್ವಸ್ಥಾನದಲ್ಲಿಟ್ಟೆ. ಮಾವನಿಗೆ "ಮೈಸೂರಲ್ಲಿ ರಿಪೇರಿ ಮಾಡಿಸಿದೆ" ಎಂದೆ. ನಾನೇ ಮಾಡಿದೆ ಎಂದಿದ್ದರೆ ಅವರು ಆ ಗಾಡಿ ಹತ್ತುತ್ತಿರಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಕೆ.ಆರ್. ಪೇಟೆಯಲ್ಲಿ ನಿವೃತ್ತ ಹೆಡ್‌ಮಿಸ್ ಜಯಲಕ್ಷ್ಮಮ್ಮನವರ ಮಗಳ ನಿಶ್ಚಿತಾರ್ಥ. ಪಾಂಡವಪುರ ದಾಟುವಷ್ಟರಲ್ಲಿ ಗಾಡಿ ಮುಂಚಿಗಿಂತ ಜೋರಾಗಿ ಬಡಿದುಕೊಳ್ಳತೊಡಗಿತು. ಛತ್ರ ಮುಟ್ಟಿದಾಗ ಒಂದೂವರೆ ಕೊಳಗದಷ್ಟು ಸಾರು ಗಾಡಿಯ ತಳದಲ್ಲಿತ್ತು. ಮಾವ ನನ್ನನ್ನು ಛತ್ರದವರೆಲ್ಲ ಕೇಳುವ ಹಾಗೆ ಬೈದು, ಉಳಿದ ಸಾರಿಗೆ ಬಿಸಿನೀರು ಸುರಿದು ಬಡಿಸಿದರು. ಕೈ ತೊಳೆಯುತ್ತ ಜಯಲಕ್ಷ್ಮಮ್ಮನವರು ಒಂದೇ ಮಾತು ಹೇಳಿದರು: "ಎಲ್ಲ ಚೆನ್ನಾಗಿತ್ತು ಸ್ವಾಮಿ, ಸಾರು ಮಾತ್ರ ಸ್ವಲ್ಪ ತೆಳ್ಳಗಾಯ್ತು."

ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ತೀರ್ಪು ಬಂತು. "ಮದುವೆಯ ಅಡುಗೇನೂ ನಮ್ಮದೇ. ಅವತ್ತು ಒಂದು ಸೌಟು ಚೆಲ್ಲಿದರೂ ನೀನು ಸ್ಟೀರಿಂಗ್ ಬಿಟ್ಟು ನಿನ್ನತ್ತೆ ಪಕ್ಕ ತುರಿಮಣೆ ಮೇಲೆ ಕೂತ್ಕೋ. ಗಾಡಿಗೆ ಬೇರೆ ಡ್ರೈವರ್ ನೋಡ್ತೀನಿ."

ಸರೋಜತ್ತೆಯ ಪಕ್ಕ ಕೂತು ತೆಂಗಿನಕಾಯಿ ತುರಿಯುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ಒಂದು ಕಾಯಿಗೆ ಒಂದು ಹುಡುಗಿಯ ಜಾತಕ ಹೇಳುತ್ತಾರೆ. ಮುನ್ನೂರು ಜನರ ಅಡುಗೆಗೆ ಎಂಬತ್ತು ಕಾಯಿ. ನನಗೆ ನಿಜವಾಗಿ ಹೆದರಿಕೆಯಾಯಿತು.

ಮದುವೆಗೆ ವಾರವಿದ್ದಾಗ ಬಾಬುರಾಯನಕೊಪ್ಪಲಿನ ಪುಟ್ಟರಾಜುವಿನ ಗ್ಯಾರೇಜಿಗೆ ಗಾಡಿ ಒಯ್ದೆ. ಮೈಸೂರು ರಸ್ತೆಯ ಪಕ್ಕದಲ್ಲೇ ಅವನ ಶೆಡ್ಡು. ಈ ಸಲ ಮಾವನೂ ಬಂದು ಪಕ್ಕದಲ್ಲೇ ನಿಂತರು. ಪುಟ್ಟರಾಜು ಗಾಡಿಯಡಿಯಿಂದ ಹರಿದ ಬುಷ್ ಹಿಡಿದುಕೊಂಡು ಹೊರಬಂದ.

"ಯಾವ್ ಪುಣ್ಯಾತ್ಮ ಅಯ್ನೋರೆ ಇದ್ನ ಆಕ್ದೋನು? ಚಕ್ರ ಗಾಳೀಲಿ ನೇತಾಡ್ತಿರುವಾಗ್ಲೇ ಬೋಲ್ಟ್ ಬಿಗ್ದವ್ನೆ. ಗಾಡಿ ಕೆಳಕ್ಕಿಳಿದೇಟ್ಗೆ ರಬ್ಬರು ತಿರುಚ್ಕೊಂಡು ಅರ್ದೋಗದೆ. ಎಮ್ಮೆ ಮೇಯ್ಸೋಕೂ ಲಾಯಕ್ಕಿಲ್ಲ ಇವ್ನು."

ಮಾವ ನನ್ನ ಕಡೆ ತಿರುಗಿದರು. "ಯಾರಯ್ಯ ಅವನು?"

"ಮೈಸೂರಿನವನು ಮಾವ."

"ಹೆಸರು?"

"ಅಂಗಡಿ ಮುಚ್ಚಿಕೊಂಡು ಎಲ್ಲೋ ಹೋದನಂತೆ."

"ಮದುವೆ ಆಗಿದೆಯೋ ಅವನಿಗೆ?"

"ಇಲ್ಲ ಅನ್ಸುತ್ತೆ."

"ಸದ್ಯ, ಒಂದು ಹೆಣ್ಣು ಉಳೀತು" ಎಂದರು ಮಾವ. ಆಮೇಲೆ ಇಬ್ಬರೂ ಸೇರಿ ಆ ಮೈಸೂರಿನವನ ಕಣ್ಣು, ಕೈ, ವಂಶ ಎಲ್ಲವನ್ನೂ ಕಾಲು ಗಂಟೆ ವಿಚಾರಿಸಿಕೊಂಡರು. ಸುಮ್ಮನೆ ನಿಂತರೆ ಅನುಮಾನ ಬರಬಹುದೆಂದು ನಾನೂ ಎರಡು ಮಾತು ಸೇರಿಸಿದೆ. ಬಯ್ಯುತ್ತ ಬಯ್ಯುತ್ತ ನನಗೇ ಅವನ ಮೇಲೆ ಸಿಟ್ಟು ಬಂತು.

ಹೊಸ ಬುಷ್ ಕೂರಿಸಿದ ಪುಟ್ಟರಾಜು ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಸಡಿಲವಾಗಿಯೇ ಬಿಟ್ಟು, ಗಾಡಿ ಇಳಿಸಿ, ಕೈ ಒರೆಸಿಕೊಂಡ. "ಈಗ ದಿನಾ ಏನ್ ಲೋಡ್ ಆಕ್ತೀರೋ ಅದ್ನ ತಂದ್ ಆಕಿ. ಗಾಡಿ ಅದ್ರ ಭಾರಕ್ಕೆ ಕೂತ್ಮೇಲೆ ಬಿಗೀತೀನಿ. ಅಲ್ಲೀಗಂಟ ಮುಟ್ಟಾಕಿಲ್ಲ."

ಮಾವನ ಮುಖ ಅರಳಿತು. ತಮ್ಮ ಹಾಗೇ ಹಟ ಹಿಡಿಯುವವನೊಬ್ಬ ಸಿಕ್ಕಿದನಲ್ಲ ಎಂಬ ಸಂತೋಷ. ಆಟೋದಲ್ಲಿ ಮನೆಗೆ ಹೋಗಿ ಮೂರು ಕೊಳಗ, ಒಂದು ಮೂಟೆ ತೆಂಗಿನಕಾಯಿ, ಜೊತೆಗೆ ಸರೋಜತ್ತೆಯನ್ನೂ ಕರೆತಂದರು.

"ನಾನ್ಯಾಕೆ?" ಎಂದರು ಅತ್ತೆ.

"ನೀನೂ ದಿನದ ಲೋಡೇ ಅಲ್ವೇನೆ. ಹತ್ತು."

ಅತ್ತೆ ಆ ಮಾತನ್ನು ನುಂಗಿಕೊಂಡು ಮುಂದೆ ಹತ್ತಿ ಕೂತರು. ಅದಕ್ಕೆ ಮಾವ ಮನೆಯಲ್ಲಿ ಎಷ್ಟು ದಿನ ಅನುಭವಿಸಿದರೆಂಬುದು ಬೇರೆ ಕಥೆ. ಕೊಳಗಗಳಿಗೆ ನಾನು ಗ್ಯಾರೇಜಿನ ನಲ್ಲಿಯಿಂದ ಕುಡಿಯುವ ನೀರು ತುಂಬಿದೆ. ಮಾವ ಹಿಂದೆ ಕೊಳಗಗಳ ನಡುವೆ, ಪಂಚೆ ಶಲ್ಯದಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತರು. ಸೌಟು ಯಾಕೆಂದು ಕೇಳಿದರೆ "ಅದೂ ಭಾರ ತಾನೆ?" ಎಂದರು. ಪುಟ್ಟರಾಜು ಸ್ಪ್ಯಾನರ್ ಹಿಡಿದು ಗಾಡಿಯ ಅಡಿಗೆ ತೂರಿದ.

ರಾಮನವಮಿ ಕಳೆದು ತಿಂಗಳಾಗಿತ್ತು, ಬಿಸಿಲು ಮಾತ್ರ ಕಳೆದಿರಲಿಲ್ಲ. ಹೆದ್ದಾರಿಯ ಪಕ್ಕ ಗಾಡಿ, ಅದರ ಮೇಲೆ ಕೊಳಗ, ಕೊಳಗದ ಪಕ್ಕ ನಾಮ ಹಾಕಿಕೊಂಡು ಸೌಟು ಹಿಡಿದ ಅಯ್ಯನೋರು. ಮೊದಲು ಒಬ್ಬ ಸ್ಕೂಟರ್ ನಿಲ್ಲಿಸಿ ಬೊಗಸೆ ಒಡ್ಡಿದ. "ಮಜ್ಜಿಗೇನಾ ಸ್ವಾಮಿ, ಪಾನಕಾನಾ?"

"ನೀರು ಕಣಪ್ಪ."

"ನೀರೇ ಕೊಡಿ."

ಬಾಯಾರಿ ಬಂದವರಿಗೆ ಇಲ್ಲವೆನ್ನುವುದು ಮಾವನಿಗೆ ಗೊತ್ತಿಲ್ಲ. ಕೊಟ್ಟರು. ಹತ್ತು ನಿಮಿಷದಲ್ಲಿ ಕಬ್ಬಿನ ಟ್ರಾಕ್ಟರಿನವರು, ಎರಡು ಆಟೋದವರು, ಸಂತೆಗೆ ಹೊರಟ ಹೆಂಗಸರು, ಎಲ್ಲ ಸೇರಿ ಸಾಲು ನಿಂತಿತು. ಕೆಲವರು ಬಾಟಲಿ ತಂದಿದ್ದರು.

ಅಡಿಯಿಂದ ಪುಟ್ಟರಾಜು ಕೂಗಿದ. "ಅಯ್ನೋರೆ, ಗಾಡಿ ಮ್ಯಾಕ್ಕೆ ಏಳ್ತಾ ಅದೆ. ಲೋಡ್ ಇಳುಸ್ಬ್ಯಾಡಿ."

"ಪಾಪ, ನೀರು ಕೇಳ್ತಿದಾರಯ್ಯ."

"ಕೊಡೋದಾದ್ರೆ ಕುಡ್ದೋರ್ನೂ ಗಾಡಿ ಮ್ಯಾಲೆ ಕೂರುಸ್ಕೊಳಿ, ಭಾರ ಸರಿಹೋಯ್ತದೆ."

ಕೊನೆಗೆ ನಾನು ಒಂದು ಕಡೆಯಿಂದ ಬಕೀಟಿನಲ್ಲಿ ಸುರಿಯುವುದು, ಮಾವ ಇನ್ನೊಂದು ಕಡೆಯಿಂದ ಹಂಚುವುದು, ಕೊಳಗ ಕಂಠಮಟ್ಟ ಆದಾಗಲೆಲ್ಲ ಅತ್ತೆ ಕಿಟಕಿಯಿಂದ "ತುಂಬ್ತು" ಎನ್ನುವುದು, ಆ ಗಳಿಗೆ ನೋಡಿ ಪುಟ್ಟರಾಜು ಒಂದು ಬೋಲ್ಟು ಬಿಗಿಯುವುದು. ಹೀಗೆ ನಾಲ್ಕು ಬೋಲ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಸೊಂಟ ಬಿದ್ದುಹೋಯಿತು.

ಮದುವೆಯ ದಿನ ನಾನು ಗಾಡಿ ಓಡಿಸಲಿಲ್ಲ, ಹೊತ್ತುಕೊಂಡೇ ಹೋದೆ ಅನ್ನಬೇಕು. ಲಟಲಟ ಎಂಬ ಸದ್ದೇ ಇಲ್ಲ. ಹಂಪು ಬಂದರೆ ಗಾಡಿ ಬಗ್ಗಿ ಎದ್ದು ಮುಂದೆ ಹೋಗುತ್ತಿತ್ತು. ಪಕ್ಕದಲ್ಲಿ ಕೂತ ಮಾವ ಮಾತ್ರ ಬೆವರುತ್ತಿದ್ದರು. ಛತ್ರದ ಹಿಂದೆ ಗಾಡಿ ನಿಲ್ಲಿಸಿ, ಕೊಳಗಗಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಮೂರೂ ಕಂಠಮಟ್ಟ. ಬಟ್ಟೆಯ ಅಂಚು ಕೂಡ ಒದ್ದೆಯಾಗಿರಲಿಲ್ಲ. ಹೆಮ್ಮೆಯಿಂದ ಮಾವನನ್ನು ನೋಡಿದೆ.

ಅವರ ಮುಖ ಬಿಳಿಚಿಕೊಂಡಿತ್ತು. "ಒಂದು ಹನೀನೂ ಚೆಲ್ಲಿಲ್ವಲ್ಲೋ" ಎಂದರು, ಯಾರೋ ತಮಗೆ ಅನ್ಯಾಯ ಮಾಡಿದ ಹಾಗೆ.

"ಸಂತೋಷ ಪಡಿ ಮಾವ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಾಗೇಂದ್ರ, ನಿಶ್ಚಿತಾರ್ಥದ ದಿನ ಒಲೆ ಮುಂದೆ ಇದ್ದಾಗ ಜಯಲಕ್ಷ್ಮಮ್ಮನವರ ಫೋನ್ ಬಂತು. ಮಾತಾಡಿ ಬಂದು ಉಪ್ಪು ಹಾಕ್ದೆ. ಆಮೇಲೆ ಡಬ್ಬಿ ನೋಡಿದ್ರೆ ಎರಡು ಸಲದಷ್ಟು ಇಳಿದಿದೆ. ದಾರಿಯುದ್ದಕ್ಕೂ ಸ್ವಾಮಿ ಕಾಪಾಡಪ್ಪ ಅಂತ ಕೂತಿದ್ದೆ. ನೀನು ಚೆಲ್ಲಿದೆ. ನೀರು ಸುರಿಯೋಕೆ ಒಂದು ನೆಪ ಸಿಕ್ತು. ಅದಕ್ಕೇ ಅಷ್ಟು ಜೋರಾಗಿ ಬೈದೆ."

ನಾನು ಕೊಳಗಗಳ ಕಡೆ ನೋಡಿದೆ. "ಇವತ್ತು?"

"ಇವತ್ತು ಹಾಕಿದೀನೋ ಇಲ್ವೋ ಅನ್ನೋದೇ ಗೊತ್ತಿಲ್ಲ. ಡಬ್ಬಿ ನೋಡೋಣ ಅಂದ್ರೆ ನಿನ್ನತ್ತೆ ಹೊಸ ಪ್ಯಾಕೆಟ್ ಸುರಿದು ತುಂಬಿಬಿಟ್ಟಿದಾಳೆ."

"ಅತ್ತೇನ ಕೇಳ್ಬೋದಿತ್ತು."

"ನಲವತ್ತು ವರ್ಷ ಅವಳಿಗೆ ಉಪ್ಪಿನ ಹದ ಹೇಳಿಕೊಟ್ಟಿದೀನಿ. ಯಾವ ಬಾಯಲ್ಲಿ ಕೇಳ್ಲಿ?" ಅವರು ಸೌಟನ್ನು ನನ್ನ ಕೈಗೆ ಕೊಟ್ಟರು. "ನೀನು ರುಚಿ ನೋಡು."

ಆ ಮನೆಯಲ್ಲಿ ಬೆಳೆದ ನಾನು ಬಡಿಸದ ಸಾರಿಗೆ ಅದುವರೆಗೂ ನಾಲಿಗೆ ಹಚ್ಚಿದವನಲ್ಲ. ಮಾವನನ್ನು ನೋಡಿ ಸಂಕಟವಾಯಿತು. ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ಕುಡಿದೆ. ಒಂದು ಹರಳೂ ಉಪ್ಪು ಬಿದ್ದಿರಲಿಲ್ಲ.

"ಉಪ್ಪೇ ಇಲ್ಲ ಮಾವ. ಈಗ ಹಾಕಿದ್ರಾಯ್ತು."

ಅವರು ಗಾಡಿಯ ಅಂಚಿಗೆ ಒರಗಿ ಕಣ್ಣೊರೆಸಿಕೊಂಡರು. ಗಾಡಿಯಲ್ಲಿದ್ದ ಉಪ್ಪಿನ ಡಬ್ಬಿಯನ್ನು ನಾನು ಮುಂದೆ ಮಾಡಿದರೆ ಮುಟ್ಟಲಿಲ್ಲ. "ನೀನೇ ಹಾಕು. ಇನ್ಮೇಲೆ ಉಪ್ಪು ನಿಂದು, ಸ್ಟೀರಿಂಗೂ ನಿಂದು. ಸ್ವಲ್ಪ ಸ್ವಲ್ಪ ಹಾಕಿ, ರುಚಿ ನೋಡ್ಕೊಂಡು ಹಾಕು. ಗಾಳೀಲಿ ಬೋಲ್ಟ್ ಬಿಗಿದ ಹಾಗೆ ಮಾಡ್ಬೇಡ."

ಹಿಡಿಯಲ್ಲಿದ್ದ ಉಪ್ಪು ಹಿಡಿಯಲ್ಲೇ ಉಳಿಯಿತು. "ಅದು ಮೈಸೂರಿನವನು ಮಾವ..."

"ಹೌದಯ್ಯ. ಎರಡು ತಿಂಗಳಿಂದ ನನ್ನ ಕುಟ್ಟಾಣೀಲಿ ಗ್ರೀಸ್ ವಾಸನೆ" ಎಂದರು ಮಾವ, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಕೈ ಮರೀಬೋದು, ಮೂಗು ಮರೆಯಲ್ಲ. ಅಂದಹಾಗೆ ಆ ಮೈಸೂರಿನವನು ನಮ್ಮ ಅಡುಗೆಮನೆಗೆ ಯಾವಾಗ ಬಂದಿದ್ದ?"

ಉತ್ತರಕ್ಕೆ ಕಾಯದೆ ಅವರು ಎಲೆ ಹಾಕಿಸಲು ಒಳಗೆ ಹೋದರು. ನಾನು ಅರ್ಧ ಹಿಡಿ ಉಪ್ಪು ಹಾಕಿ, ಕದಡಿ, ರುಚಿ ನೋಡಿದೆ.