ಖಾರದೂರಿನ ಎರಡು ಮೂಗು

ಊರಿನ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಅದು ಪಕ್ಕದ ಊರು ಅನ್ನುತ್ತೀರಿ, ಉಳಿದರ್ಧ ಜನ ನನ್ನ ಜೊತೆ ಜಗಳಕ್ಕೆ ಬರುತ್ತೀರಿ. ಮೆಣಸಿನಕಾಯಿ ಒಣಗಿಸಿ, ಕುಟ್ಟಿ, ಪುಡಿ ಮಾಡಿ ನಾಲ್ಕು ಸೀಮೆಗೆ ಕಳಿಸುವ ಊರು ಅಂದುಕೊಂಡರೆ ಸಾಕು. ಅಲ್ಲಿನ ಮಕ್ಕಳು ಮಾತು ಕಲಿಯುವ ಮುಂಚೆ ಸೀನಲು ಕಲಿಯುತ್ತವೆ.

ಆ ಊರಿನಲ್ಲಿ ಇಬ್ಬರು ಸಾಹುಕಾರರಿದ್ದರು. ಒಬ್ಬ ಕನ್ನಡಿ ಮಾರುತ್ತಿದ್ದ, ಪುರಸಭೆಗೆ ಅಧ್ಯಕ್ಷನೂ ಆಗಿದ್ದ. ಎಲ್ಲರ ಮುಖವೂ ಎಲ್ಲರಿಗೂ ಕಂಡರೆ ಊರು ತಾನಾಗಿಯೇ ಒಂದಾಗುತ್ತದೆ ಎಂಬುದು ಅವನ ಸಿದ್ಧಾಂತ. ಇನ್ನೊಬ್ಬ ಪರದೆ ಮಾರುತ್ತಿದ್ದ, ಹಿಂದಿನ ಓಣಿಗೆ ಹಿರಿಯನಾಗಿದ್ದ. ಓಣಿಯ ಅಜ್ಜಿಯರ ಕಾಲದ ಮರ್ಯಾದೆ ಮರಳಿ ಬರಬೇಕು ಎಂಬುದು ಅವನ ಹಂಬಲ. ಆ ಅಜ್ಜಿಯರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸಿದವರು ಅಂತ ಓಣಿಯ ಮುದುಕರಿಗೆಲ್ಲ ನೆನಪಿತ್ತು. ಆದರೆ ಪಾಪ, ದೊಡ್ಡವರ ಮಾತಿಗೆ ಯಾರು ಎದುರು ಹೇಳುತ್ತಾರೆ?

ಅದೇ ಓಣಿಯಲ್ಲಿ ಶಕೀರ, ಮೈಮೂನ ಅಂತ ಅಕ್ಕತಂಗಿಯರಿದ್ದರು. ಅಕ್ಕ ಶಕೀರ ಜಡೆ ಬೀಸಿಕೊಂಡು ತಿರುಗುವವಳು. ತಂಗಿ ಮೈಮೂನ ಹೋದ ವರ್ಷದಿಂದ ಕಣ್ಣೆರಡು ಬಿಟ್ಟು ಮುಖವೆಲ್ಲ ಮುಚ್ಚುವ ಕಪ್ಪು ಬಟ್ಟೆ ಹಾಕತೊಡಗಿದ್ದಳು.

"ಯಾಕೇ ಇದು?" ಎಂದು ಅಕ್ಕ ಕೇಳಿದಳು.

"ನನಗೆ ಹಿತ ಅನ್ನಿಸ್ತದೆ ಆಪಾ."

"ನನಗೆ ಸೆಖೆ ಅನ್ನಿಸ್ತದಮ್ಮ."

ಅಲ್ಲಿಗೆ ಆ ಮನೆಯಲ್ಲಿ ಚರ್ಚೆ ಮುಗಿಯಿತು. ಇಬ್ಬರೂ ಒನಕೆ ತೆಗೆದುಕೊಂಡು ಅಂಗಳಕ್ಕೆ ಹೋದರು.

ಒನಕೆಯ ವಿಷಯ ಹೇಳಲೇಬೇಕು. ಊರಿನ ಕುಟ್ಟುವ ಮನೆಗೆ ಒಬ್ಬಂಟಿಯಾಗಿ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ, ಜೋಡಿಯೇ ಬರಬೇಕಿತ್ತು. ಒಂದೇ ಒರಳು, ಎರಡು ಒನಕೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿದು ಕೈ ಮುರಿದೀತು. ಒಂದು ಜೋಡಿಗೆ ಜೀವಮಾನದಲ್ಲಿ ಒಂದೇ ಸಲ ಕರೆ. ತಪ್ಪಿಸಿಕೊಂಡರೆ ಮತ್ತೆ ಕರೆಯುವ ಪದ್ಧತಿ ಇಲ್ಲ. ಈ ಸಲ ಅಕ್ಕತಂಗಿಯರಿಗೆ ಕರೆ ಬಂದಿತ್ತು. ಕುಟ್ಟುವ ಮನೆಯ ಯಜಮಾನಿ ಗುರುಸಿದ್ದವ್ವನೇ ಬಂದು ಬಾಗಿಲಲ್ಲಿ ನಿಂತು ಕರೆದಿದ್ದಳು. ಇಬ್ಬರಿಗೂ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಖುಷಿ ಮಳೆಗಾಲದವರೆಗೆ ಇತ್ತು. ಮಳೆಗಾಲದಲ್ಲಿ ಕುಟ್ಟುವ ಕೆಲಸವಿಲ್ಲ, ಪುರಸಭೆಗೂ ಕೆಲಸವಿಲ್ಲ. ಕನ್ನಡಿ ಸಾಹುಕಾರ ಆಗ ಒಂದು ನಿಯಮ ಮಾಡಿದ. ಕುಟ್ಟುವ ಮನೆ ಊರೆಲ್ಲರ ಮನೆ, ಮುಖ ಮುಚ್ಚಿದವರಿಗೆ ಅಲ್ಲಿ ಪ್ರವೇಶವಿಲ್ಲ. ಬಾಗಿಲಿಗೆ ಬೋರ್ಡು ಬಿತ್ತು. ಊರು ಚಪ್ಪಾಳೆ ತಟ್ಟಿತು.

ಮೈಮೂನ ನೇರವಾಗಿ ಅವನ ಅಂಗಡಿಗೇ ಹೋದಳು.

"ನಿನ್ನ ಬಿಡುಗಡೆಗೇ ಮಾಡಿದ್ದಮ್ಮ ಈ ನಿಯಮ" ಎಂದ ಸಾಹುಕಾರ.

"ಬಿಡುಗಡೆ ಮಾಡೋಕೆ ಹೊರಗೆ ನಿಲ್ಲಿಸ್ತೀರಾ ಸಾಹುಕಾರ್ರೇ? ನನ್ನ ಮುಖ, ನನ್ನ ಬಟ್ಟೆ."

"ನಿನಗೆ ತಿಳಿಯೋದಿಲ್ಲ" ಎಂದು ಅವನು ಕನ್ನಡಿ ಒರೆಸತೊಡಗಿದ.

ಪರದೆ ಸಾಹುಕಾರ ಸುಮ್ಮನಿರುತ್ತಾನೆಯೇ? ಅವನೂ ಓಣಿಯ ಬಾಯಲ್ಲಿ ನಿಂತು ಸಾರಿದ. ಓಣಿಯ ಹೆಣ್ಣುಮಕ್ಕಳು ಇನ್ನು ಮೇಲೆ ಮುಖ ಮುಚ್ಚದೆ ಹೊಸಿಲು ದಾಟಬಾರದು. ಗಂಡಸರಿಗೆ ಈ ಮಾತು ತಾಗದು, ಮುಖ ಮುಚ್ಚುವ ಗಂಡಸು ಗಂಡಸೇ ಅಲ್ಲ. ಓಣಿಯೂ ಚಪ್ಪಾಳೆ ತಟ್ಟಿತು.

ಶಕೀರ ಅಲ್ಲೇ ಇದ್ದಳು. "ಚಾಚಾ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಿನ್ನ ಮರ್ಯಾದೆಗೇ ಅಲ್ಲವೇನಮ್ಮ ಇದೆಲ್ಲ?"

"ಮರ್ಯಾದೆ ನಂದೇ ಅಂದಮೇಲೆ ಅದನ್ನ ನಾನೇ ನೋಡ್ಕೋತೀನಿ. ನನ್ನ ಮೂಗು, ನನ್ನ ಉಸಿರು."

"ಬಾಯಿ ಬಹಳ ಆಯ್ತು" ಎಂದ ಅವನು. ಹೊರಗಿನ ನಿಯಮ ತಂಗಿಯನ್ನು ತಡೆಯಿತು, ಓಣಿಯ ನಿಯಮ ಅಕ್ಕನನ್ನು ತಡೆಯಿತು. ಜೋಡಿ ಮುರಿಯಿತು. ಅಕ್ಕತಂಗಿಯರು ಆ ಸಂಜೆ ಒನಕೆ ಮೂಲೆಗೆ ಆನಿಸಿ, ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಊರಿನಲ್ಲಿ ಮಾತ್ರ ಅವರ ಹೆಸರಿನಲ್ಲಿ ದಿನಾ ಭಾಷಣ ನಡೆಯಿತು.

ಕಡೆಗೆ ಮಳೆಗಾಲ ಕಳೆದು ಮೊದಲ ಕುಟ್ಟಿನ ದಿನ ಬಂತು. ಅಂಗಳದ ತುಂಬ ಗರಿಗರಿ ಒಣಗಿದ ಕೆಂಪು ರಾಶಿ, ಪಡುವಣದಲ್ಲಿ ಅಕಾಲದ ಮೋಡ. ಇವತ್ತು ಕುಟ್ಟದಿದ್ದರೆ ರಾಶಿಯೆಲ್ಲ ಮೆತ್ತಗಾಗಿ ಹಾಳು. ಅಕ್ಕತಂಗಿಯರಿಗೆ ಮನಸ್ಸು ತಡೆಯಲಿಲ್ಲ. ಒಬ್ಬಳು ಮುಖ ಮುಚ್ಚಿ, ಒಬ್ಬಳು ಮುಖ ಬಿಟ್ಟು, ಆಗಿದ್ದಾಗಲಿ ಅಂತ ಒನಕೆ ಹೊತ್ತು ಬಂದರು. ಹಿಂದೆಯೇ ಉಳಿದ ಜೋಡಿಗಳೂ ಬಂದವು, ಗಂಡಸರು ಹೆಂಗಸರು ಎಲ್ಲರೂ, ವರ್ಷವೂ ಮಾಡುವ ಹಾಗೆ ಮೂಗು ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು.

ಬಾಗಿಲು ಕಾಯುವ ಭರಮಪ್ಪ ಬೋರ್ಡು ನೋಡಿದ, ಜನರನ್ನು ನೋಡಿದ, ಅಡ್ಡ ನಿಂತ.

"ಮುಖ ಮುಚ್ಚಿದವರಿಗೆ ಪ್ರವೇಶ ಇಲ್ಲ."

"ಏ ಭರಮ್ಯಾ, ತಲಿ ಕೆಟ್ಟೈತೇನೋ? ಇದು ಮುಖ ಮುಚ್ಚೋದಲ್ಲ, ಬಟ್ಟಿ ಕಟ್ಟೋದು!" ಎಂದಳು ಗುರುಸಿದ್ದವ್ವ.

"ಬೋರ್ಡಿನಾಗ ಹಂಗ ಬರದಿಲ್ಲವ್ವ."

ಅಯ್ಯೋ ದೇವರೇ! ಚಪ್ಪಾಳೆ ತಟ್ಟುವಾಗ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕಟ್ಟಿಕೊಂಡ ಬಟ್ಟೆ ಯಾರ ಕಣ್ಣಿಗೂ ಬಟ್ಟೆಯಾಗಿ ಕಂಡಿರಲಿಲ್ಲ, ಮೈಮೂನಳ ಬಟ್ಟೆ ಮಾತ್ರ ಕಂಡಿತ್ತು.

ಕನ್ನಡಿ ಸಾಹುಕಾರನಿಗೆ ಕರೆ ಹೋಯಿತು. ಬಂದವನು ಮಾತು ಹಿಂದಕ್ಕೆ ತೆಗೆದುಕೊಳ್ಳುವನೇ? "ಎಲ್ಲಾ ಅಭ್ಯಾಸದ ಪ್ರಶ್ನೆ. ನಾನೇ ಬರಿಮುಖದಲ್ಲಿ ಕುಟ್ಟಿ ತೋರಿಸ್ತೀನಿ" ಎಂದು ಒನಕೆ ಎತ್ತಿಕೊಂಡ. ಪರದೆ ಸಾಹುಕಾರ ತನ್ನ ಓಣಿಯವರ ಜೊತೆ ಅಲ್ಲಿಗೆ ಬಂದಿದ್ದ. ಗಂಡಸು ಮುಖ ಮುಚ್ಚಬಾರದು ಅಂದವನು ಅವನೇ ತಾನೇ! ಅವನೂ ಇನ್ನೊಂದು ಒನಕೆ ಹಿಡಿದ. ಜೋಡಿಯೇನೋ ಆಯಿತು. ಒಳಗೆ ಹೋದರು.

ಒಳಗಿನಿಂದ ಮೊದಲು ಎರಡು ಪೆಟ್ಟು ಕೇಳಿಸಿತು. ಆಮೇಲೆ ಕೇಳಿಸಿದ್ದು ಪೆಟ್ಟಲ್ಲ. ಅಂಥ ಸೀನು ಆ ಊರೂ ಕೇಳಿರಲಿಲ್ಲ. ಇಬ್ಬರೂ ಒಬ್ಬರ ಕೊರಳು ಒಬ್ಬರು ಹಿಡಿದುಕೊಂಡು, ಕಣ್ಣುಮೂಗು ಸುರಿಸುತ್ತ, "ನೀರು! ನೀರು!" ಎಂದು ಹೊರಗೆ ಬಂದು ಕಟ್ಟೆಯ ಮೇಲೆ ಬಿದ್ದರು. ಸಿದ್ಧಾಂತ ಎರಡಿದ್ದರೂ ಮೂಗು ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು. ಮೈಮೂನಳಿಗೆ ಕರುಳು ಚುರ್ ಅಂದಿತು. ಕುಟ್ಟುವಾಗ ಬೇಕಾಗುತ್ತದೆಂದು ತಂದಿದ್ದ ಎರಡು ಒದ್ದೆ ಬಟ್ಟೆಗಳನ್ನು ಇಬ್ಬರ ಮುಖಕ್ಕೂ ಕಟ್ಟಿದಳು.

ಕೆಮ್ಮು ನಿಂತಿತು. ಭರಮಪ್ಪ ಹತ್ತಿರ ಬಂದು ಕೈಮುಗಿದ. "ಅಧ್ಯಕ್ಷರೇ, ತಪ್ಪು ತಿಳೀಬ್ಯಾಡ್ರಿ. ನೀವು ಕುಂತ ಈ ಕಟ್ಟಿನೂ ಕುಟ್ಟೋ ಮನಿಗೇ ಸೇರೈತಿ. ಬಟ್ಟಿ ತೆಗೀರಿ."

ಕನ್ನಡಿ ಸಾಹುಕಾರ ಜೇಬಿನ ಪುಟ್ಟ ಕನ್ನಡಿ ತೆಗೆದ, ಬಟ್ಟೆಯ ಅಂಚು ಸರಿಸಿ ಮೂಗು ನೋಡಿಕೊಂಡ, ತಟ್ಟನೆ ಮುಚ್ಚಿಕೊಂಡ. "ತೆಗೆಯೋದಿಲ್ಲ! ನನ್ನ ಮುಖ, ನನ್ನ ಬಟ್ಟೆ! ನಿನಗೇನಯ್ಯಾ ಕಷ್ಟ?"

ಅಷ್ಟರಲ್ಲಿ ಪರದೆ ಸಾಹುಕಾರನಿಗೆ ಬಟ್ಟೆಯೊಳಗೆ ಉಸಿರು ಕಟ್ಟಿತು. ಕಿತ್ತು ಎಸೆದ. ಅವನ ಓಣಿಯವನೊಬ್ಬ ಓಡಿ ಬಂದ. "ಯಜಮಾನ್ರೇ, ನಿಮ್ಮ ಮೂಗು ಊರಿಗೆಲ್ಲ ಕಾಣ್ತಿದೆ. ಓಣಿಯ ಮರ್ಯಾದೆ! ಮುಚ್ಕೊಳ್ಳಿ."

"ಸಾಯಲೇನೋ? ನನ್ನ ಮೂಗು, ನನ್ನ ಉಸಿರು! ದೂರ ಹೋಗು!"

ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಶಕೀರ ತುಟಿ ಕಚ್ಚಿ ನಗು ತಡೆದಳು. ಮೈಮೂನಳ ಬಟ್ಟೆ ನಗುವಿಗೆ ಅಲುಗಾಡಿತು.

"ಭರಮ್ಯಾ, ಇಬ್ಬರ ತೀರ್ಪೂ ಕೇಳಿದೆಲ್ಲೋ?" ಎಂದಳು ಗುರುಸಿದ್ದವ್ವ. "ಬಾಗಿಲದಾಗಿಂದ ಸರಿ. ಮ್ಯಾಲೆ ಮಳಿ ಮಾಡ ಬಂದೈತಿ."

ಭರಮಪ್ಪ ಸರಿದ. ಜೋಡಿಗಳೆಲ್ಲ ಒಳಗೆ ನುಗ್ಗಿದವು. ಶಕೀರ ದುಪಟ್ಟಾದ ತುದಿಯನ್ನೇ ಮೂಗಿಗೆ ಬಿಗಿದುಕೊಂಡಳು, ಮೈಮೂನಳಿಗೆ ಬಿಗಿಯುವ ಕೆಲಸವೇ ಇರಲಿಲ್ಲ. ಆ ಹೊತ್ತು ಯಾರ ಮುಖದ ಬಟ್ಟೆ ಯಾವುದಕ್ಕೆ ಅಂತ ವಿಂಗಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅಕ್ಕತಂಗಿಯರ ಒನಕೆಗಳು ಒಂದು ಸಲವೂ ಬಡಿದುಕೊಳ್ಳಲಿಲ್ಲ. ಮಳೆಯ ಮೊದಲ ಹನಿ ಬೀಳುವಷ್ಟರಲ್ಲಿ ರಾಶಿಯೆಲ್ಲ ಪುಡಿಯಾಗಿತ್ತು. ಗುರುಸಿದ್ದವ್ವ ಅವರ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ನಾಳೆ ಬೇಗ ಬರ್ರೆವ್ವ" ಎಂದಳು. ಅಂದರೆ ಸೇರಿಸಿಕೊಂಡಂತೆ.

ಹೊರಗೆ ಬಂದ ಶಕೀರ ಮುಖದ ಬಟ್ಟೆ ಬಿಚ್ಚಿ ಜಡೆ ಕೊಡವಿದಳು. ಮೈಮೂನ ಇದ್ದ ಹಾಗೆಯೇ ಬಂದಳು. ಇಬ್ಬರೂ ಸೂರಿನಡಿಯ ಕಟ್ಟೆಗೆ ಎರಡು ಲೋಟ ಮಜ್ಜಿಗೆ ಒಯ್ದರು. ಪರದೆ ಸಾಹುಕಾರ ಬರಿಮುಖಕ್ಕೆ ಗಾಳಿ ಹಾಕಿಕೊಳ್ಳುತ್ತ ಒಂದೇ ಗುಟುಕಿಗೆ ಕುಡಿದ. ಕನ್ನಡಿ ಸಾಹುಕಾರ ಲೋಟ ಹಿಡಿದುಕೊಂಡು ಹಾಗೆಯೇ ಕೂತಿದ್ದ. ಕುಡಿಯಬೇಕಾದರೆ ಬಟ್ಟೆ ಸರಿಸಬೇಕು. ಸುತ್ತ ಊರಿಗೆ ಊರೇ ನಿಂತು ನೋಡುತ್ತಿತ್ತು.

ಮೈಮೂನಳಿಗೆ ಅರ್ಥವಾಯಿತು. ಜನರ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಎಲ್ಲರೂ ಸ್ವಲ್ಪ ಆ ಕಡೆ ನೋಡ್ರಿ. ಸಾಹುಕಾರ್ರು ಮಜ್ಜಿಗೆ ಕುಡೀತಾರೆ."

ಊರೆಲ್ಲ ಆ ಕಡೆ ತಿರುಗಿತು. ಎಲ್ಲರಿಗಿಂತ ಮೊದಲು ತಿರುಗಿದವನು ಪರದೆ ಸಾಹುಕಾರ.